ಹೆಸರಿದ್ದರೆ ಸಂಪತ್ತು, ಇಲ್ಲದಿದ್ದರೆ ಸೌದೆ

ಬೆಂಗಳೂರಿನಿಂದ ಅರಸೀಕೆರೆ ಕಡೆಗೆ ರೈಲಿನಲ್ಲಿ ಹೋಗುವವರಿಗೆ ಅಮ್ಮಸಂದ್ರ ಎಂದೊಡನೆ ನೆನಪಾಗುವುದು ಸಿಮೆಂಟು. ಆದರೆ ನಿಲ್ದಾಣ ಬಿಟ್ಟು ಸ್ವಲ್ಪ ದೂರ ನಡೆದರೆ ಸಾಕು, ಮತ್ತೆ ತೆಂಗಿನ ಸೀಮೆಯೇ. ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿ ಮೂರೂ ತಾಲ್ಲೂಕುಗಳ ಮದುವೆ, ಓದು, ಸಾಲ, ಬಡ್ಡಿ ಎಲ್ಲವೂ ಕೊಬ್ಬರಿಯ ಧಾರಣೆಯನ್ನೇ ನೋಡಿಕೊಂಡಿರುತ್ತವೆ. ಮನೆಯ ಅಟ್ಟದ ಮೇಲೆ ಕಾಯಿ ರಾಶಿ ಹಾಕಿ ತಿಂಗಳುಗಟ್ಟಲೆ ಕಾಯುವ ತಾಳ್ಮೆ ಇಲ್ಲಿನ ಜನಕ್ಕೆ ರಕ್ತದಲ್ಲೇ ಬಂದಿದೆ.

ಇಂಥ ಸೀಮೆಯ ಒಂದು ಹಳ್ಳಿ. ಅಲ್ಲಿ ಜೀವಮಾನವಿಡೀ ಕಡಚಲು ಹಿಡಿದು ಬುಗುರಿ, ಲಟ್ಟಣಿಗೆ, ಕಡಗೋಲು, ಮಂಚದ ಕಾಲು, ತೊಟ್ಟಿಲಿನ ಗುಂಡು ಕಡೆದುಕೊಟ್ಟ ಆಚಾರ್ರೊಬ್ಬರು ತೀರಿಕೊಂಡರು ಎಂದಿಟ್ಟುಕೊಳ್ಳಿ. ತಿಥಿ ಮುಗಿಯಿತು. ಮಗ ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾನೆ, ಕಸಬು ಕಲಿತಿಲ್ಲ. ಅಟ್ಟ ಹತ್ತಿ ನೋಡಿದರೆ ಧೂಳು ಹಿಡಿದ ಮರದ ತುಂಡುಗಳು. ಕೆಲವು ಕಪ್ಪು, ಕೆಲವು ಕೆಂಪು, ಕೆಲವು ದಂತದಂತೆ ಬಿಳುಪು. ಸೌದೆಯವನು ಬಾಗಿಲಿಗೆ ಬಂದು, "ಎಲ್ಲಾ ಒಟ್ಟಿಗೆ ಕೊಡಿ ಅಮ್ಮಾ, ಜಾಗ ಖಾಲಿ ಮಾಡಿಕೊಡ್ತೀನಿ" ಅನ್ನುತ್ತಾನೆ. "ತಗೊಂಡು ಹೋಗಪ್ಪ, ಅದನ್ನ ಇಟ್ಕೊಂಡು ನಾವೇನು ಮಾಡೋಣ" ಅನ್ನುತ್ತಾರೆ ಆ ತಾಯಿ. ಸಂಜೆಯ ಹೊತ್ತಿಗೆ ಅಟ್ಟ ಬರಿದು.

ಇದು ಯಾವುದೋ ಒಂದು ಮನೆಯ ಕತೆಯಲ್ಲ. ಕೈಕಸಬಿನವರಿದ್ದ ಯಾವ ಊರಿನಲ್ಲಾದರೂ ನಡೆಯಬಹುದಾದದ್ದು. ಆ ದಿನ ಹೊರಟುಹೋದದ್ದು ಸೌದೆಯೋ ಸಂಪತ್ತೋ? ಅದನ್ನು ತೀರ್ಮಾನಿಸುವುದು ಬಹುಮಟ್ಟಿಗೆ ಒಂದೇ ಸಂಗತಿ. ಆ ತುಂಡುಗಳ ಮೇಲೆ ಹೆಸರು ಬರೆದಿತ್ತೇ, ಇಲ್ಲವೇ?

ಅಟ್ಟ ಸೇರಿದ್ದು ಏಕೆ?

ಬಡಗಿ ಮರವನ್ನು ನಿಲ್ಲಿಸಿ ಉಳಿ ಓಡಿಸುತ್ತಾನೆ. ಕಡಚಲಿನವನು ಮರವನ್ನು ಓಡಿಸಿ ಉಳಿ ನಿಲ್ಲಿಸುತ್ತಾನೆ. ಗರಗರ ತಿರುಗುವ ತುಂಡಿಗೆ ಉಳಿಯ ಬಾಯಿ ತಾಗಿದೊಡನೆ ಸುತ್ತಲೂ ಸಮನಾಗಿ ದುಂಡನೆಯ ರೂಪ ಮೂಡುತ್ತದೆ. ಈ ಕಲೆ ನಮ್ಮ ಸೀಮೆಗೆ ಹೊಸದೇನಲ್ಲ. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಚೆನ್ನಕೇಶವ ಗುಡಿಯ ಒಳಗೆ ಹೋಗಿ ಕಂಬಗಳನ್ನು ನೋಡಿ. ಹೊಯ್ಸಳರ ಕಾಲದ ಕುಶಲಿಗಳು ಬಳಪದ ಕಲ್ಲನ್ನೇ ತಿರುಗಿಸಿ ಕಡೆದು ಬಳೆ ಬಳೆಯಾಗಿ ನಿಲ್ಲಿಸಿದ್ದಾರೆ. ಅದೇ ಗುಡಿಯಲ್ಲಿ ಹೊನೋಜನೆಂಬ ಶಿಲ್ಪಿ ತನ್ನ ಹೆಸರನ್ನು ಕೆತ್ತಿಟ್ಟ. ಏಳು ಶತಮಾನಗಳ ನಂತರವೂ ಅವನು ನಮಗೆ ಪರಿಚಿತನಾಗಿರುವುದು ಆ ನಾಲ್ಕು ಅಕ್ಷರಗಳಿಂದ!

ಮರ ಕಡೆಯುವುದಕ್ಕೆ ನಾಡಿನಲ್ಲೆಲ್ಲ ಹೆಸರಾದ ಊರು ಚನ್ನಪಟ್ಟಣ. ಅಲ್ಲಿನ ಬೊಂಬೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಅಲ್ಲಿನವರ ಅಚ್ಚುಮೆಚ್ಚಿನದು ಹಾಲೆ ಮರ. ಬಣ್ಣ ಬಿಳುಪು, ಎಳೆ ಸಣ್ಣದು, ಉಳಿಗೆ ಬೆಣ್ಣೆಯಂತೆ ಬಗ್ಗುತ್ತದೆ. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಆಮೇಲೆ ಒಣಗಿದ ಗರಿಯಿಂದ ತೀಡಿದರೆ ಕನ್ನಡಿಯ ಹೊಳಪು.

ಆದರೆ ಹಸಿ ಮರವನ್ನು ಕಡೆದರೆ ಅದು ಒಣಗುವಾಗ ಸೊಟ್ಟಗಾಗುತ್ತದೆ, ಸೀಳುತ್ತದೆ. ಆದ್ದರಿಂದಲೇ ಅಟ್ಟ. ಉಂಡೆ ಕೊಬ್ಬರಿ ಮಾಡುವ ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಯಿಯನ್ನು ಬಿಸಿಲಿಗೆ ಹಾಕಿ ಅವಸರ ಮಾಡಿದರೆ ಕೆಡುತ್ತದೆ. ಅಟ್ಟದ ನೆರಳಿನಲ್ಲಿ ನಿಧಾನವಾಗಿ ನೀರಾರಿದರೆ ಚಿಪ್ಪಿನೊಳಗೆ ಗಿಟುಕು ತಾನಾಗಿ ಬಿಟ್ಟುಕೊಂಡು ಸದ್ದು ಮಾಡುತ್ತದೆ. ಮರವೂ ಹಾಗೆಯೇ. ಒಂದು ಅಂಗುಲ ದಪ್ಪಕ್ಕೆ ಒಂದು ವರ್ಷ ಎಂಬುದು ಮರಗೆಲಸದವರ ಹಳೆಯ ಲೆಕ್ಕ. ಹಾಗಾದರೆ ಇಪ್ಪತ್ತು ಮೂವತ್ತು ವರ್ಷ ನೆರಳಿನಲ್ಲಿದ್ದ ತುಂಡು ಎಷ್ಟು ಹದವಾಗಿರಬೇಡ! ಅಂಥದನ್ನು ಯಾವ ಅಂಗಡಿಯಲ್ಲೂ ದುಡ್ಡು ಕೊಟ್ಟು ತರಲಾಗದು. ಅದು ಮರದ ಬೆಲೆಯಲ್ಲ, ಕಾದ ವರ್ಷಗಳ ಬೆಲೆ.

ಇನ್ನೊಂದು ಸಂಗತಿ. ಕಡಚಲಿಗೆ ದೊಡ್ಡ ದಿಮ್ಮಿಯೇ ಬೇಕೆಂದಿಲ್ಲ. ಬಡಗಿ ಬಿಸಾಡುವ ಗಂಟು, ಕವಲು, ಬೇರಿನ ಬುಡ, ಗೇಣುದ್ದದ ತುಂಡು ಎಲ್ಲವೂ ಅವನಿಗೆ ಬೇಕು. ಗಂಟಿನಲ್ಲಿ ಎಳೆಗಳು ಸುಳಿಸುಳಿಯಾಗಿ ಓಡುವುದರಿಂದ ಬಟ್ಟಲು ಕಡೆದಾಗ ಚಿತ್ರ ಬರೆದಂತೆ ಕಾಣುತ್ತದೆ. ಹೀಗಾಗಿ ಮರ ಕಡೆಯುವವರಿಗೆ ಮರ ಕೂಡಿಡುವ ಗೀಳು ಲೋಕದಾದ್ಯಂತ ಇದೆ. ಅಮೆರಿಕದ ಬರ್ಕ್ಲಿಯಲ್ಲಿ ಇದ್ದು 2003ರಲ್ಲಿ ತೀರಿಕೊಂಡ ಬಾಬ್ ಸ್ಟಾಕ್ಸ್‌ಡೇಲ್ ಎಂಬ ಹೆಸರಾಂತ ಕಡಚಲು ಕಲಾವಿದರು ನಾನಾ ದೇಶಗಳ ಅಪರೂಪದ ಮರಗಳಲ್ಲಿ ತೆಳುವಾದ ಬಟ್ಟಲುಗಳನ್ನು ಕಡೆದೇ ಪ್ರಸಿದ್ಧರಾದರು.

ಪರದೇಶಿ ಮರ ಯಾವುದು?

ದೂರ ದೇಶದ ಅಪರೂಪದ ಮರ ಎಂದೊಡನೆ ನಮ್ಮ ಕಣ್ಣು ಸಮುದ್ರದಾಚೆಗೆ ಹೋಗುತ್ತದೆ. ಕೊಂಚ ನಿಮ್ಮ ತೋಟದ ಬದುವಿನ ಮೇಲೇ ನಿಂತು ನೋಡಿ. ಸಿಲ್ವರ್ ಓಕ್ ಮತ್ತು ನೀಲಗಿರಿ ಆಸ್ಟ್ರೇಲಿಯದವು. ಶಾಲೆಯ ಮುಂದೆ ಬೇಸಿಗೆಯಲ್ಲಿ ಕೆಂಪಗೆ ಹೂ ಬಿಡುವ ಗುಲ್‌ಮೊಹರ್ ಮಡಗಾಸ್ಕರ್ ದ್ವೀಪದ್ದು. ರಸ್ತೆ ಬದಿಗೆ ಛತ್ರಿ ಹಿಡಿದಂತೆ ನಿಂತ ಮಳೆಮರ ಅಮೆರಿಕ ಖಂಡದ ಉಷ್ಣ ಪ್ರದೇಶದ್ದು. ಅಷ್ಟೇಕೆ, ನಮ್ಮ ಸಾರಿಗೆ ಹುಳಿ ಕೊಡುವ ಹುಣಸೆಯ ತವರು ಕೂಡ ಆಫ್ರಿಕವೆನ್ನುತ್ತಾರೆ ಸಸ್ಯವಿಜ್ಞಾನಿಗಳು!

ಇದೇ ಮಳೆಮರದಲ್ಲಿ ಕಡೆದ ಬಟ್ಟಲುಗಳು ಹವಾಯಿ ದ್ವೀಪಗಳಲ್ಲಿ ಪ್ರವಾಸಿಗರು ಕೊಂಡೊಯ್ಯುವ ಕಾಣಿಕೆ. ಸಿಲ್ವರ್ ಓಕ್ ಹಲಗೆಯನ್ನು ಸರಿಯಾದ ದಿಕ್ಕಿನಲ್ಲಿ ಸೀಳಿದರೆ ಸೀರೆಯ ಜರಿಯಂತೆ ಹೊಳೆಯುವ ಮಚ್ಚೆಗಳು ಕಾಣುತ್ತವೆ. ನಮ್ಮಲ್ಲಿ ಎರಡೂ ಬಹುಪಾಲು ಒಲೆಗೋ ಪೆಟ್ಟಿಗೆಗೋ ಹೋಗುತ್ತವೆ. ನಮ್ಮ ಬೀಟೆ, ಹಲಸು, ಶಿವನೆ ಹೊರನಾಡಿನವರಿಗೆ ಅಪರೂಪದ ಮರಗಳು. ಆದ್ದರಿಂದ ಹಳ್ಳಿಯ ಆಚಾರ್ರ ಅಟ್ಟದಲ್ಲಿ ಏನಿದೆ ಎಂಬುದನ್ನು ನೋಡದೆ ಹಗುರವಾಗಿ ಮಾತಾಡುವುದು ಸಲ್ಲದು.

ಮರದಿಂದಲೇ ಮಾಡಿದ ಪುಸ್ತಕ

ಮರವನ್ನು ಹೆಸರು ಸಮೇತ ಕೂಡಿಟ್ಟವರ ಕತೆಗಳು ಬಹಳ ಸ್ವಾರಸ್ಯವಾಗಿವೆ. ಜರ್ಮನಿಯ ಕಾಸೆಲ್ ನಗರದಲ್ಲಿ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಕಾರ್ಲ್ ಶಿಲ್ಡ್‌ಬಾಖ್ ಎಂಬಾತ 'ಮರದ ಗ್ರಂಥಾಲಯ'ವನ್ನೇ ಕಟ್ಟಿದ. 1771ರಿಂದ 1799ರ ನಡುವೆ ಅವನು ಮಾಡಿದ್ದು 530 'ಪುಸ್ತಕ'ಗಳು. ಒಂದೊಂದೂ ಒಂದೊಂದು ಮರದಿಂದ ಮಾಡಿದ ಪೆಟ್ಟಿಗೆ. ಬೆನ್ನಿಗೆ ಅದೇ ಮರದ ತೊಗಟೆ, ಅದರ ಮೇಲೆ ಮರದ ಹೆಸರು. ತೆರೆದರೆ ಒಳಗೆ ಅದೇ ಮರದ ಎಲೆ, ಹೂವು, ಕಾಯಿ, ಬೀಜ! ಆ ಪುಸ್ತಕಗಳು ಇಂದಿಗೂ ಕಾಸೆಲ್‌ನ ಒಟ್ಟೋನಿಯಂ ವಸ್ತುಸಂಗ್ರಹಾಲಯದಲ್ಲಿವೆ. ಎರಡು ಶತಮಾನ ಕಳೆದರೂ ಅವು ಸೌದೆಯಾಗಲಿಲ್ಲ.

ಅಮೆರಿಕದ ರೊಮೇನ್ ಹಫ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಮರವನ್ನು ಕಾಗದದಂತೆ ತೆಳ್ಳಗೆ ಕೊಯ್ಯುವ ಯಂತ್ರ ಮಾಡಿಕೊಂಡು, ಪ್ರತಿ ಮರವನ್ನೂ ಮೂರು ದಿಕ್ಕಿನಲ್ಲಿ ಕೊಯ್ದು, ಆ ಪದರಗಳನ್ನೇ ಹಾಳೆಗೆ ಕೂಡಿಸಿ ಸಂಪುಟಗಳನ್ನು ಹೊರತಂದ. ದೀಪದ ಎದುರು ಹಿಡಿದರೆ ಬೆಳಕು ತೂರಿ ಬರುವಷ್ಟು ತೆಳು. 1888ರಿಂದ 1913ರವರೆಗೆ 13 ಸಂಪುಟಗಳು ಬಂದವು. 1924ರಲ್ಲಿ ಹಫ್ ತೀರಿಕೊಂಡ. ಮುಂದಿನ ಸಂಪುಟಕ್ಕೆಂದು ಕೂಡಿಟ್ಟ ಮರ ಹಾಗೆಯೇ ಉಳಿಯಿತು. ಅವನ ಮಗಳು ಮಾರ್ಜರಿ ತಂದೆ ಬಿಟ್ಟುಹೋದ ಮಾದರಿಗಳನ್ನೂ ಟಿಪ್ಪಣಿಗಳನ್ನೂ ಇಟ್ಟುಕೊಂಡು 1928ರಲ್ಲಿ 14ನೆಯ ಸಂಪುಟವನ್ನು ಹೊರತಂದಳು. ಮರದ ಜೊತೆಗೆ ಬರೆಹವೂ ಇದ್ದುದರಿಂದ ಅವಳಿಗೆ ಅದು ಸಾಧ್ಯವಾಯಿತು. ಬರಿಯ ತುಂಡುಗಳಷ್ಟೇ ಇದ್ದಿದ್ದರೆ ಅವಳಾದರೂ ಏನು ಮಾಡಬೇಕಿತ್ತು?

ಯೇಲ್ ವಿಶ್ವವಿದ್ಯಾಲಯದ ಅರಣ್ಯಶಾಸ್ತ್ರ ಪ್ರಾಧ್ಯಾಪಕ ಸ್ಯಾಮ್ಯುಯೆಲ್ ರೆಕಾರ್ಡ್ ಲೋಕದ ಮೂಲೆಮೂಲೆಯಿಂದ ಮರದ ಮಾದರಿ ತರಿಸಿ ಕೂಡಿಸಿದವನು. 1945ರಲ್ಲಿ ಅವನು ತೀರಿಹೋದ. ಅವನು ಕಟ್ಟಿದ ಸಂಗ್ರಹ ಬೆಳೆಯುತ್ತ ಹೋಗಿ ಸುಮಾರು 55 ಸಾವಿರ ತುಂಡುಗಳಾದಾಗ, 1969ರಲ್ಲಿ ಅದನ್ನು ಮ್ಯಾಡಿಸನ್ ನಗರದ ಸರ್ಕಾರಿ ಅರಣ್ಯ ಉತ್ಪನ್ನ ಪ್ರಯೋಗಾಲಯಕ್ಕೆ ಸಾಗಿಸಿದರು. ಕೂಡಿಸಿದವನು ಸತ್ತು ಕಾಲು ಶತಮಾನವಾದರೂ ಒಂದೊಂದು ತುಂಡೂ ತನ್ನ ಹೆಸರು, ಊರು ಹೇಳಿಕೊಂಡೇ ಹೊಸ ಮನೆ ಸೇರಿತು. ಲೋಕದ ಅತಿ ದೊಡ್ಡ ಮರಸಂಗ್ರಹಗಳಲ್ಲಿ ಅದೊಂದು.

ಇದೇ ಮ್ಯಾಡಿಸನ್ ಪ್ರಯೋಗಾಲಯದ ಆರ್ಥರ್ ಕೋಲರ್ ಎಂಬ ಮರತಜ್ಞ ನ್ಯಾಯಾಲಯದಲ್ಲಿ ಮರದಿಂದಲೇ ಸಾಕ್ಷಿ ನುಡಿಸಿದ್ದು ವಿದ್ಯಾರ್ಥಿಗಳಿಗೆ ಪತ್ತೇದಾರಿ ಕತೆಯಂತೆ ಕಾಣಬಹುದು. 1932ರಲ್ಲಿ ವಿಮಾನವೀರ ಚಾರ್ಲ್ಸ್ ಲಿಂಡ್‌ಬರ್ಗ್‌ನ ಎಳೆಮಗುವನ್ನು ಯಾರೋ ಅಪಹರಿಸಿದರು. ಸ್ಥಳದಲ್ಲಿ ಸಿಕ್ಕಿದ್ದು ಮರದ ಒಂದು ಏಣಿ. ಏಣಿಯ ಒಂದು ಪಟ್ಟಿ ಆರೋಪಿಯ ಮನೆಯ ಅಟ್ಟದ ಹಲಗೆಯಿಂದಲೇ ಕೊಯ್ದದ್ದು ಎಂದು ಎಳೆ, ಬಳೆ, ಮೊಳೆಯ ತೂತುಗಳನ್ನು ಹೋಲಿಸಿ ಕೋಲರ್ 1935ರ ವಿಚಾರಣೆಯಲ್ಲಿ ತೋರಿಸಿದ. ಓದಲು ಬಲ್ಲವನಿಗೆ ಮರ ಎಷ್ಟೊಂದು ಹೇಳುತ್ತದೆ ನೋಡಿ!

ನಮ್ಮಲ್ಲೂ ಉಂಟು

ಇಂಥದು ನಮ್ಮ ದೇಶದಲ್ಲಿಲ್ಲವೆಂದು ಕೊರಗಬೇಕಿಲ್ಲ. ಡೆಹ್ರಾಡೂನಿನ ಅರಣ್ಯ ಸಂಶೋಧನ ಸಂಸ್ಥೆ ಶುರುವಾದದ್ದು 1906ರಲ್ಲಿ. ಅಲ್ಲಿನ ಮರಸಂಗ್ರಹದಲ್ಲಿ 18 ಸಾವಿರಕ್ಕೂ ಹೆಚ್ಚು ಮಾದರಿಗಳಿವೆ. ಕೊಯಮತ್ತೂರಿನ ಗ್ಯಾಸ್ ಅರಣ್ಯ ವಸ್ತುಸಂಗ್ರಹಾಲಯ 1902ರದ್ದು. ನಮಗೆ ತೀರ ಹತ್ತಿರದ್ದು ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ. 1938ರಲ್ಲಿ ಅರಣ್ಯ ಸಂಶೋಧನ ಪ್ರಯೋಗಾಲಯವಾಗಿ ಹುಟ್ಟಿ, 1988ರಲ್ಲಿ ಈ ಹೆಸರು ಪಡೆಯಿತು. ಅಲ್ಲಿಯೂ ಮರಗಳ ಸಂಗ್ರಹವಿದೆ, ತುಂಡು ನೋಡಿ ಯಾವ ಮರವೆಂದು ಹೇಳುವ ತಜ್ಞರಿದ್ದಾರೆ. ಅಮ್ಮಸಂದ್ರದಲ್ಲಿ ರೈಲು ಹತ್ತಿದರೆ ಅದೇ ದಿನ ಹೋಗಿ ಬರಬಹುದಾದ ದೂರ. ವಿಜ್ಞಾನದ ಮೇಷ್ಟ್ರು ಮುಂಚಿತವಾಗಿ ಪತ್ರ ಬರೆದು ಕೇಳಿ, ಮಕ್ಕಳನ್ನು ಕರೆದೊಯ್ಯುವ ಏರ್ಪಾಡು ಮಾಡಬಹುದು.

ಅಟ್ಟ ಇಳಿಸುವ ಮುನ್ನ

ಈಗ ಮತ್ತೆ ನಮ್ಮ ಹಳ್ಳಿಯ ಅಟ್ಟಕ್ಕೆ ಬರೋಣ. ತೀರಿಕೊಂಡ ಕಡಚಲಿನವರ ಮರ ನಿಮ್ಮ ಮನೆಗೋ, ಶಾಲೆಗೋ, ಕಸಬು ಕಲಿಯುತ್ತಿರುವ ಹುಡುಗನಿಗೋ ಬರುವುದಾದರೆ ಮಾಡಬೇಕಾದದ್ದೇನು?

ಮೊದಲನೆಯದು, ಇದ್ದಲ್ಲೇ ನೋಡಬೇಕು. ಒಂದೇ ಮರದಿಂದ ಕೊಯ್ದ ತುಂಡುಗಳನ್ನು ಹಿರಿಯರು ಒಂದೇ ಕಡೆ ಪೇರಿಸಿರುತ್ತಾರೆ. ಇಳಿಸುವ ಮುನ್ನ ಫೋಟೋ ತೆಗೆದುಕೊಳ್ಳಿ. ತುಂಡಿನ ತಲೆಯ ಮೇಲೆ ಸೀಮೆಸುಣ್ಣದಲ್ಲೋ ಪೆನ್ಸಿಲಿನಲ್ಲೋ ಬರೆದ ಗುರುತಿದ್ದರೆ ಒರೆಸಬೇಡಿ. ಬಿರುಕು ಬಿಟ್ಟಿದೆಯೆಂದು ಆ ತುದಿಯನ್ನೇ ಕೊಯ್ದು ಬಿಸಾಡುವುದು ಎಲ್ಲರೂ ಮಾಡುವ ತಪ್ಪು. ಹೆಸರು ಹೋಗುವುದು ಹೀಗೆಯೇ.

ಎರಡನೆಯದು, ಮನೆಯವರನ್ನು ಕೇಳಬೇಕು. ಮರದ ಹೆಸರು ಗೊತ್ತಿಲ್ಲದಿದ್ದರೂ ಅಜ್ಜಿಗೆ ಬೇರೇನೋ ಗೊತ್ತಿರುತ್ತದೆ. "ಇದು ಕೆರೆ ಏರಿ ಮೇಲಿನ ಮರ ಗಾಳಿಗೆ ಬಿದ್ದಾಗ ತಂದದ್ದು", "ಇದು ನನ್ನ ತವರಿನ ಹಲಸು" ಎಂಬಂಥ ಮಾತು ಬಂದರೆ ಆಗಲೇ ಬರೆದುಕೊಳ್ಳಿ. ಮರ ಯಾವ ಊರಿನದು, ಯಾವಾಗ ಬಿದ್ದದ್ದು ಎಂಬುದು ಹೆಸರಿನಷ್ಟೇ ಮುಖ್ಯ.

ಮೂರನೆಯದು ಪರೀಕ್ಷೆ. ಹರಿತವಾದ ಬ್ಲೇಡಿನಿಂದ ತುಂಡಿನ ತಲೆಯನ್ನು ಕೊಂಚವೇ ಹೆರೆದು, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರದಲ್ಲಿ ನೋಡಬೇಕು. ಈ ಕೆಲಸಕ್ಕೆ ಹಿರಿಯರು ಜೊತೆಗಿರಲಿ. ತೇಗದಲ್ಲಿ ತೂತುಗಳು ಬಳೆಯಂತೆ ಸಾಲುಗಟ್ಟಿರುತ್ತವೆ, ಬೀಟೆಯಲ್ಲಿ ಅಲ್ಲಲ್ಲಿ ಚದುರಿರುತ್ತವೆ. ಹೊಸದಾಗಿ ಹೆರೆದ ಬೀಟೆಗೆ ಸಿಹಿಯಾದ ಕಂಪಿದೆ. ಮೂಸಿ ನೋಡಿ, ಆದರೆ ಬಾಯಿಗೆ ಹಾಕಬೇಡಿ. ಕೆಲವು ಮರಗಳ ಪುಡಿ ಉಸಿರಿಗೆ, ಚರ್ಮಕ್ಕೆ ಒಗ್ಗದು. ಉಜ್ಜುವಾಗ ಮೂಗಿಗೆ ಬಟ್ಟೆ ಇರಲಿ.

ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಅದು ಹುಳು ಹಿಡಿದ ತುಂಡು. ಅದನ್ನು ಉಳಿದವುಗಳಿಂದ ದೂರವಿಡಿ. ಹದವಾದ ಮರವನ್ನು ಬಿಸಿಲಿಗೆ, ಮಳೆಗೆ ಒಡ್ಡದೆ ನೆಲದಿಂದ ಎತ್ತರದಲ್ಲಿ, ನಡುನಡುವೆ ಪಟ್ಟಿ ಕೊಟ್ಟು ಗಾಳಿಯಾಡುವಂತೆ ಪೇರಿಸಿ. ಇನ್ನೂ ಹಸಿಯಿರುವ ತುಂಡಿನ ಎರಡೂ ತಲೆಗೆ ಮೇಣ ಸವರಿದರೆ ಸೀಳುವುದು ಕಡಿಮೆಯಾಗುತ್ತದೆ.

ಕಾನೂನು, ನ್ಯಾಯ

ಇಲ್ಲೊಂದು ಎಚ್ಚರಿಕೆಯ ಮಾತು. ಶ್ರೀಗಂಧ, ರಕ್ತಚಂದನ, ಬೀಟೆಯಂಥ ಮರಗಳು ಸಾಮಾನ್ಯ ಮರಗಳಲ್ಲ. 2001ರ ತಿದ್ದುಪಡಿಯ ನಂತರ ಕರ್ನಾಟಕದಲ್ಲಿ ತನ್ನ ಜಮೀನಿನ ಗಂಧದ ಮರಕ್ಕೆ ರೈತನೇ ಒಡೆಯ. ಆದರೂ ಕಡಿಯುವುದಕ್ಕೆ, ಸಾಗಿಸುವುದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು. ವನ್ಯಜೀವಿ ಮತ್ತು ಸಸ್ಯಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ಹತೋಟಿಯಲ್ಲಿಡುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿ ರಕ್ತಚಂದನ ಸೇರಿದೆ. 2017ರ ಜನವರಿಯಿಂದ ಬೀಟೆಯ ಬಳಗವೆಲ್ಲವೂ ಸೇರಿದೆ. ಆದ್ದರಿಂದ ಅಟ್ಟದಲ್ಲಿ ಇಂಥ ಮರ ಕಂಡರೆ, ಅದು ಹಳೆಯದೆಂದು ಸುಮ್ಮನೆ ಗಾಡಿಗೆ ಹೇರದೆ ಹತ್ತಿರದ ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ವಿಚಾರಿಸಿಯೇ ಮುಂದುವರಿಯಬೇಕು. ಕೊಂಡ ರಸೀದಿ ಮನೆಯಲ್ಲಿದ್ದರೆ ಜೋಪಾನ ಮಾಡಿ. ಇಲ್ಲೂ ಅಷ್ಟೇ, ಬರೆದಿಟ್ಟ ಕಾಗದವೇ ಕಾಯುವುದು.

ಕಾನೂನಿನ ಹಾಗೆಯೇ ನ್ಯಾಯವೂ ಮುಖ್ಯ. ಸಾವಿನ ಮನೆಯಲ್ಲಿ ಬೆಲೆ ಕೇಳುವ ಮನಸ್ಸು ಯಾರಿಗೂ ಇರುವುದಿಲ್ಲ. ಆ ಹೊತ್ತಿನಲ್ಲಿ ಸೌದೆಯ ಲೆಕ್ಕಕ್ಕೆ ಹೊಡೆದುಕೊಂಡು ಬರುವುದು ಜಾಣತನವೆನಿಸಬಹುದು, ಮರ್ಯಾದೆಯೆನಿಸದು. ಬಲ್ಲವರಿಬ್ಬರನ್ನು ಕರೆದು ತುಂಡುತುಂಡಾಗಿ ಬೆಲೆ ಕಟ್ಟಿಸಿ, ಪಟ್ಟಿ ಮಾಡಿ, ಒಂದು ಪ್ರತಿ ಮನೆಯವರಿಗೆ ಕೊಡಿ. ಮೊಮ್ಮಗುವಿಗೆಂದು ಒಂದು ಚೆಂದದ ತುಂಡನ್ನು ಅಲ್ಲೇ ಬಿಡಿ. ಸಾಧ್ಯವಾದರೆ ಆ ಮರದಿಂದ ಕಡೆದ ಮೊದಲ ಬಟ್ಟಲು ಆ ಮನೆಗೇ ಹೋಗಲಿ.

ಶುರು ಮಾಡುವುದು ತೆಂಗಿನಿಂದ

ವಿದ್ಯಾರ್ಥಿಗಳು ಇಷ್ಟಕ್ಕೆಲ್ಲ ಕಾಯಬೇಕಿಲ್ಲ. ಮರಸಂಗ್ರಹವನ್ನು ಈ ಭಾನುವಾರವೇ ಶುರು ಮಾಡಬಹುದು. 1947ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಮರಸಂಗ್ರಾಹಕರ ಸಂಘ ಒಂದು ಅಳತೆಯನ್ನು ನಿಗದಿ ಮಾಡಿದೆ: ಉದ್ದ ಆರು ಅಂಗುಲ, ಅಗಲ ಮೂರು ಅಂಗುಲ, ದಪ್ಪ ಅರ್ಧ ಅಂಗುಲ. ಮರ ಕಡಿಯುವುದು ಬೇಡ. ಗಾಳಿಗೆ ಬಿದ್ದದ್ದು, ಬಡಗಿಯ ಮನೆಯ ಚೂರು, ಸಾಮಿಲ್ಲಿನ ಅಂಚುಪಟ್ಟಿ ಸಾಕು. ಮೇಲೆ ಮರದ ಹೆಸರು, ಸಿಕ್ಕ ಊರು, ತಾರೀಕು, ಕೊಟ್ಟವರ ಹೆಸರು ಬರೆಯಿರಿ. ಅಷ್ಟೇ ಕೆಲಸ.

ಮೊದಲ ತುಂಡು ನಮ್ಮ ಕಲ್ಪವೃಕ್ಷದ್ದೇ ಆಗಲಿ. ತೆಂಗು ಹುಲ್ಲು, ಬಿದಿರು, ಬಾಳೆಗಳ ದೊಡ್ಡ ಬಳಗಕ್ಕೆ ಸೇರಿದ್ದು. ಅದರ ಕಾಂಡದಲ್ಲಿ ವರ್ಷವರ್ಷದ ಬಳೆಗಳಿಲ್ಲ, ಕೊಂಬೆಯಿಲ್ಲವಾದ್ದರಿಂದ ಗಂಟುಗಳೂ ಇಲ್ಲ. ಬುಡದ ಹೊರಭಾಗ ಕಲ್ಲಿನಂತೆ, ನಡುಭಾಗ ಬೆಂಡಿನಂತೆ. ಹಳೆಯ ಮರದ ಬುಡವನ್ನು ಕಡೆದರೆ ಕಂದು ಚುಕ್ಕಿಗಳ ಸೊಗಸಾದ ಬಟ್ಟಲಾಗುತ್ತದೆ, ಆದರೆ ಉಳಿಯ ಬಾಯಿ ಬೇಗ ಮೊಂಡಾಗುತ್ತದೆ.

ಒಂದು ಸುಲಭ ಲೆಕ್ಕವನ್ನೂ ಮಾಡಿನೋಡಿ. ಹತ್ತು ಸೆಂಟಿಮೀಟರ್ ಉದ್ದ, ಐದು ಅಗಲ, ಎರಡು ದಪ್ಪದ ತುಂಡಿನ ಗಾತ್ರ 100 ಘನ ಸೆಂಟಿಮೀಟರ್. ದಿನಸಿ ಅಂಗಡಿಯ ತಕ್ಕಡಿಯಲ್ಲಿ ತೂಗಿ, ಬಂದ ಗ್ರಾಮನ್ನು ನೂರರಿಂದ ಭಾಗಿಸಿದರೆ ಸಾಂದ್ರತೆ ಸಿಕ್ಕಿತು. ಒಣಗಿದ ತೇಗ ಸುಮಾರು 0.65, ಬೀಟೆ ಸುಮಾರು 0.85. ಒಂದನ್ನು ದಾಟಿದರೆ ನೀರಿನಲ್ಲಿ ಮುಳುಗುತ್ತದೆ, ಕರಿಮರ ಅಂಥದು. ತೆಂಗಿನ ಬುಡದ ಹೊರ ತುಂಡು, ನಡುವಿನ ತುಂಡು ಎರಡನ್ನೂ ತೂಗಿ ಬರೆದಿಟ್ಟರೆ ವಿಜ್ಞಾನ ಮೇಳಕ್ಕೆ ಒಂದು ಅಚ್ಚುಕಟ್ಟಾದ ಪ್ರಯೋಗವೇ ಆಯಿತು.

ಪಾಲಕರಿಗೆ ಒಂದು ಮಾತು. ನಿಮ್ಮೂರಿನಲ್ಲಿ ಕಡಚಲು ಹಿಡಿದ ಕೈ ಇನ್ನೂ ಇದ್ದರೆ, ಮಕ್ಕಳನ್ನು ಒಂದು ಪೆನ್ಸಿಲು ಕೊಟ್ಟು ಅವರ ಹತ್ತಿರ ಕಳಿಸಿ. "ತಾತ, ಇದು ಯಾವ ಮರ? ಎಲ್ಲಿಂದ ತಂದ್ರಿ?" ಎಂದು ಕೇಳಿ, ಅವರು ಹೇಳಿದ್ದನ್ನು ಆ ತುಂಡಿನ ಮೇಲೆಯೇ ಬರೆಯಲಿ. ಒಂದು ಮಧ್ಯಾಹ್ನದ ಕೆಲಸ. ಮುಂದೊಂದು ದಿನ ಆ ಅಟ್ಟ ಇಳಿಸುವ ಹೊತ್ತು ಬಂದಾಗ ಸೌದೆಯವನನ್ನು ಬಾಗಿಲಲ್ಲೇ ನಿಲ್ಲಿಸುವುದು ಆ ಪೆನ್ಸಿಲಿನ ಗೆರೆ.